ಕೆಸರಿನಂಚಿಗೆ ಬನ್ನಿ

2022ರ ಸೆಪ್ಟೆಂಬರಿನಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಹಿರಿಯೂರಿಗೆ ಜನ ಮುಗಿಬಿದ್ದರು. 1933ರ ಮೇಲೆ ಅದೇ ಮೊದಲು, ಸಂಭ್ರಮ ಪಡಲಿ. ಆದರೆ ಹಕ್ಕಿ ನೋಡುವವರೂ ‘ಕೆರೆ ತುಂಬಿದೆಯಾ?’ ಎಂದು ಕೇಳಿಕೊಂಡೇ ಹೊರಡುವುದು ನನಗೆ ಸಹಿಸದು. ತುಂಬಿದ ನೀರು ನಾಮದ ಕೋಳಿಗೆ, ನೀರುಕಾಗೆಗೆ, ಗುಳುಮುಳುಕಕ್ಕೆ ಸರಿ. ದೂರದಿಂದ ಬರುವ ಗೊರವಗಳಿಗೆ ಬೇಕಾದದ್ದು ನೀರು ಹಿಂದೆ ಸರಿದು ಬಿಟ್ಟುಹೋದ ಕೆಸರು, ಅದರೊಳಗಿನ ಹುಳ.

ಹಾಗಾಗಿ ಸಂಕ್ರಾಂತಿ ಕಳೆದ ಮೇಲೆ ಬನ್ನಿ. ಹೊಸದುರ್ಗದ ಕಡೆಯ ಹಿನ್ನೀರು, ಭೀಮಸಮುದ್ರ, ಹೊಳಲ್ಕೆರೆ ಸೀಮೆಯ ಹೆಸರಿಲ್ಲದ ಸಣ್ಣ ಕೆರೆಗಳು, ಎಲ್ಲಾದರೂ ಸರಿ. ಅಂಚನ್ನೇ ನೋಡಿ. ಮೊಳಕಾಲುದ್ದ ನೀರಲ್ಲಿ ಕೆಂಪು ಕಾಲಿನ ಮೆಟ್ಟುಗಾಲು ಹಕ್ಕಿ, ತೆಳು ನೀರಲ್ಲಿ ಅಡವಿ ಗದ್ದೆಗೊರವ, ಒಣನೆಲದಲ್ಲಿ ಟಿಟ್ಟಿಭ. ಯಾರ ಕಾಲು ಎಷ್ಟುದ್ದವೋ ಅಷ್ಟು ಆಳ ಅವರದು.

ಸಾಮಾನ್ಯ ಗದ್ದೆಗೊರವವನ್ನು ಹತ್ತು ನಿಮಿಷ ಬಿಡದೆ ನೋಡಿ. ನಿಂತಲ್ಲೇ ಹಿಂಭಾಗ ಕುಣಿಸುತ್ತಿರುತ್ತದೆ. ಎದೆಯ ಬಿಳುಪು ರೆಕ್ಕೆಯ ಮುಂದೆ ಮೇಲಕ್ಕೆ ನುಗ್ಗಿರುತ್ತದೆ. ಎದ್ದರೆ ನೀರಿಗೆ ತಾಗುವಂತೆ, ರೆಕ್ಕೆ ಬಿಗಿಹಿಡಿದು ಪಟಪಟನೆ ಹಾರುತ್ತದೆ. ಅಡವಿ ಗದ್ದೆಗೊರವಕ್ಕೆ ಕಣ್ಣಿನ ಹಿಂದಕ್ಕೂ ಚಾಚಿದ ಬಿಳಿ ಹುಬ್ಬು, ಬೆನ್ನ ತುಂಬ ಚುಕ್ಕಿ. ಹಾರಿದಾಗ ಸೊಂಟದ ಬಿಳುಪು ಕಣ್ಣಿಗೆ ಹೊಡೆಯುತ್ತದೆ. ಇವೆರಡನ್ನು ಬೇರ್ಪಡಿಸಿದ ದಿನ ನೀವು ರಸಿಕರು.

ಇದನ್ನು ಬಿಟ್ಟು ಉದ್ದದ ಲೆನ್ಸ್ ಹೊತ್ತು ‘ರಾಜಹಂಸ ಇದೆಯಾ, ಹೆಬ್ಬಾತು ಬಂತಾ’ ಎನ್ನುವವರಿಗೆ ಏನು ಹೇಳಲಿ? ಪಟ್ಟೆತಲೆ ಹೆಬ್ಬಾತಿಗೆ ಗದಗ ಜಿಲ್ಲೆಯ ಮಾಗಡಿ ಕೆರೆ ಇದೆ. 2024ರಲ್ಲಿ ಅದಕ್ಕೂ ಅಂಕಸಮುದ್ರಕ್ಕೂ ರಾಮ್ಸಾರ್ ಮನ್ನಣೆ ಸಿಕ್ಕಿತು, ಸಲ್ಲಬೇಕಾದ್ದೇ. ಫೋಟೊಗಾಗಿ ಹಿಂಡಿಗೆ ಕಲ್ಲೆಸೆದು ಎಬ್ಬಿಸುವವರನ್ನು ಮಾತ್ರ ನಾನು ಹಕ್ಕಿಪ್ರಿಯರೆಂದು ಒಪ್ಪುವುದಿಲ್ಲ.

ಕಾಲೇಜು ದಿನಗಳಲ್ಲಿ ನನ್ನ ಕಣ್ಣು ತೆರೆಸಿದವರು ಭೀಮಸಮುದ್ರದ ಏರಿಯ ಮೇಲೆ ಬಲೆ ಒಣಗಿಸುತ್ತಿದ್ದ ಒಬ್ಬ ಅಜ್ಜ. ಹಿಂಡಿನ ಹಿಂದೆ ಓಡಾಡುತ್ತಿದ್ದ ನನಗೆ ‘ಸುಮ್ನೆ ಕುಂತ್ಕಳಪ್ಪ, ಅವೇ ಬರ್ತವೆ’ ಎಂದರು. ಕೂತೆ. ಬಂದವು. ಮತ್ತೊಂದು ಚಳಿಗಾಲ ಅಲ್ಲೇ ಜೌಗು ಸೆಳೆವ ಎಂಬ ಬೇಟೆಹಕ್ಕಿಯೊಂದು ಕೆಳಗಿಳಿದು, ಬಾತುಗಳೆಲ್ಲ ಒಮ್ಮೆಗೇ ಎದ್ದ ಸದ್ದು ಇನ್ನೂ ಕಿವಿಯಲ್ಲಿದೆ.

ಎಂಟು ಪಟ್ಟಿನ ದುರ್ಬೀನು ಸಾಕು. ಪುಸ್ತಕಕ್ಕೆ ತೇಜಸ್ವಿಯವರ ‘ಹಕ್ಕಿಪುಕ್ಕ’. ಸೂರ್ಯ ಬೆನ್ನಿಗಿರಲಿ, ನಾಯಿ ಮನೆಯಲ್ಲಿರಲಿ. ಏಪ್ರಿಲ್ ಮುಗಿಯುವಷ್ಟರಲ್ಲಿ ಬಹುಪಾಲು ಗೊರವಗಳು ಉತ್ತರಕ್ಕೆ ಹೊರಟುಬಿಡುತ್ತವೆ; ಆ ಪಯಣಕ್ಕೆ ಬೇಕಾದ ಕೊಬ್ಬನ್ನು ಅವು ಈ ಕೆಸರಿನಲ್ಲೇ ಕೂಡಿಸಿಕೊಳ್ಳಬೇಕು. ದಯವಿಟ್ಟು ಮೇಯುವ ಹಕ್ಕಿಯನ್ನು ಎಬ್ಬಿಸಬೇಡಿ.