ಬೀದಿ ಮಕ್ಕಳ ನಾಟಕ ಯಾರ ಮುಂದೆ?

ಬೆಂಗಳೂರಿನಲ್ಲಿ ಬೀದಿ ಮಕ್ಕಳ ಬಗ್ಗೆ ಆಡುವ ಜಾಗೃತಿ ನಾಟಕಗಳಿಗೆ ಒಂದು ಅಚ್ಚು ಬಿದ್ದು ಬಹಳ ಕಾಲವಾಯಿತು. ತಮಟೆ ಬಡಿದು ಜನ ಸೇರಿಸುತ್ತಾರೆ. ಕಪ್ಪು ಜುಬ್ಬಾ ತೊಟ್ಟು ಸೊಂಟಕ್ಕೆ ಕೆಂಪು ವಸ್ತ್ರ ಬಿಗಿದ ಏಳೆಂಟು ಯುವಕ ಯುವತಿಯರು ಸುತ್ತು ಹಾಕಿ ಹಾಡುತ್ತಾರೆ. ಕುಡುಕ ಅಪ್ಪ ತೂರಾಡುತ್ತ ಬರುತ್ತಾನೆ, ಅವ್ವ ಕೆಮ್ಮುತ್ತಾಳೆ, ಹುಡುಗ ರೈಲು ಹತ್ತುತ್ತಾನೆ. ಮೆಜೆಸ್ಟಿಕ್‌ನಲ್ಲಿ ಇಳಿದವನ ಹೆಗಲಿಗೆ ಚಿಂದಿ ಚೀಲ ಏರುತ್ತದೆ, ಮೂಗಿನ ಹತ್ತಿರ ಅಮಲೇರಿಸುವ ಸಲ್ಯೂಷನ್ ಬಟ್ಟೆ ಬರುತ್ತದೆ. ಕೊನೆಗೆ ಮೇಡಂ ಒಬ್ಬರು ಬಂದು ಕೈ ಹಿಡಿಯುತ್ತಾರೆ. ಎಲ್ಲರೂ ಸಾಲಾಗಿ ನಿಂತು ‘ಹತ್ತು ಒಂಬತ್ತು ಎಂಟು’ ಎಂದು ಸಹಾಯವಾಣಿಯ ನಂಬರು ಕೂಗುತ್ತಾರೆ. ಕರಪತ್ರ ಹಂಚಿ, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡರೆ ಆ ಜಾಗದ ಕೆಲಸ ಮುಗಿಯಿತು.

ಈ ಅಚ್ಚನ್ನು ಕೊಡಿಗೇಹಳ್ಳಿ ಗೇಟಿನಂಥ ಜಾಗದಲ್ಲಿಟ್ಟು ನೋಡಬೇಕು. ಒಂದು ಕಡೆ ಬಳ್ಳಾರಿ ರಸ್ತೆ, ಗಾಜು ಏರಿಸಿಕೊಂಡು ವಿಮಾನ ನಿಲ್ದಾಣಕ್ಕೆ ಓಡುವ ಕಾರುಗಳು. ಇನ್ನೊಂದು ಕಡೆ ಒಳದಾರಿಗಳು, ಗುಜರಿ ಅಂಗಡಿ, ಏಳುತ್ತಲೇ ಇರುವ ಅಪಾರ್ಟ್‌ಮೆಂಟು, ಅದರ ಮಗ್ಗುಲಲ್ಲಿ ತಗಡಿನ ಶೆಡ್ಡು. ಆ ಶೆಡ್ಡಿನ ಮಗುವಿಗೆ ಅಪ್ಪ ಅಮ್ಮ ಇಬ್ಬರೂ ಇದ್ದಾರೆ. ಅದು ಮನೆ ಬಿಟ್ಟು ಓಡಿಬಂದದ್ದಲ್ಲ, ಮನೆಯೇ ಕೂಲಿ ಹುಡುಕಿಕೊಂಡು ಬಂದಿದೆ. ಹಗಲು ತಮ್ಮನನ್ನು ಸೊಂಟಕ್ಕೇರಿಸಿಕೊಂಡು ಸಿಗ್ನಲ್‌ನಲ್ಲಿ ಪೆನ್ನು ಮಾರುವ ಹುಡುಗಿ ರಾತ್ರಿ ಅದೇ ಶೆಡ್ಡಿಗೆ ಮರಳುತ್ತಾಳೆ. ಕಟ್ಟಡ ಮುಗಿದರೆ ಶೆಡ್ಡು ಕೀಳುತ್ತಾರೆ, ಶಾಲೆಗೆ ಹೆಸರು ಬರೆಸಿದ್ದರೂ ಅದು ಅಲ್ಲಿಗೆ ನಿಂತಿತು. ಮೇಲೆ ಹೇಳಿದ ನಾಟಕದಲ್ಲಿ ಈ ಹುಡುಗಿಗೆ ಪಾತ್ರವೇ ಇಲ್ಲ. ಮೇಸ್ತ್ರಿಗೂ ಇಲ್ಲ, ಬಿಲ್ಡರಿಗೂ ಇಲ್ಲ. ಕುಡುಕ ಅಪ್ಪನ ಮೇಲೆ ಎಲ್ಲ ಹೊರೆ ಹೊರಿಸಿದರೆ ಉಳಿದವರೆಲ್ಲ ಆರಾಮಾಗಿ ಚಪ್ಪಾಳೆ ತಟ್ಟಬಹುದಲ್ಲ!

ಕನ್ನಡದ ಬೀದಿ ನಾಟಕ ಹುಟ್ಟಿದ್ದು ಹೀಗಲ್ಲ. 1975ರಲ್ಲಿ ರಂಗಕರ್ಮಿ ಪ್ರಸನ್ನ ಮತ್ತು ಗೆಳೆಯರು ಕಟ್ಟಿದ ‘ಸಮುದಾಯ’ ರಂಗತಂಡ ತುರ್ತು ಪರಿಸ್ಥಿತಿಯ ಕಾಲದ ಕೂಸು. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಸುಟ್ಟಾಗ, ಸಿ.ಜಿ. ಕೃಷ್ಣಸ್ವಾಮಿಯವರ ನಿರ್ದೇಶನದ ‘ಬೆಲ್ಚಿ’ ನಾಟಕ ಆ ಕ್ರೌರ್ಯವನ್ನು ಇಲ್ಲಿನ ಬೀದಿಬೀದಿಗೆ ತಂದಿತು. ಎ.ಎಸ್. ಮೂರ್ತಿಯವರ ‘ಚಿತ್ರಾ’ ತಂಡ ಬೆಂಗಳೂರಿನ ಮೂಲೆಗಳಲ್ಲಿ ದಿನದ ಸುದ್ದಿಯನ್ನೇ ನಾಟಕ ಮಾಡಿತು. ಆ ನಾಟಕಗಳಲ್ಲಿ ಘೋಷಣೆ ಜಾಸ್ತಿ, ಪಾತ್ರಗಳು ತೆಳು, ಒಪ್ಪೋಣ. ಆದರೆ ಕೊಂದವನು ಯಾರು ಎನ್ನುವುದನ್ನು ಅವು ಮುಚ್ಚಿಡಲಿಲ್ಲ. ಮುಂದೆ ಸಾಕ್ಷರತಾ ಆಂದೋಲನದ ಜಾಥಾಗಳಲ್ಲಿ ಅದೇ ತಮಟೆ, ಅದೇ ವೃತ್ತ ಸರ್ಕಾರದ ಸಂದೇಶ ಹೊತ್ತವು. ಆಮೇಲೆ ಯೋಜನಾ ವರದಿಗಳ ಕಾಲ ಬಂತು. ‘ಇಂತಿಷ್ಟು ಪ್ರದರ್ಶನ’ ಎಂದು ಲೆಕ್ಕ ಕೊಡಬೇಕಾದ ನಾಟಕ ಯಾರನ್ನೂ ಎದುರು ಹಾಕಿಕೊಳ್ಳುವುದಿಲ್ಲ.

ಹಾಗೆಂದು ಬೀದಿ ಮಕ್ಕಳ ನಡುವೆ ಕೆಲಸ ಮಾಡಿದವರೆಲ್ಲ ಈ ಅಚ್ಚಿನವರಲ್ಲ. 1980ರಲ್ಲಿ ಶುರುವಾದ ಬೋಸ್ಕೊ, ಅಂದರೆ ‘ಬೆಂಗಳೂರು ಓಣಿಯವರ ಸೇವಾ ಕೂಟ’, ಮೊದಲು ಬೀದಿಗೇ ಹೋಗಿ ಮಕ್ಕಳ ಜೊತೆ ಕೂತಿತು. ನನ್ನ ಮಟ್ಟಿಗೆ ಇನ್ನೂ ದೊಡ್ಡ ಪಾಠ 1990ರ ‘ಭೀಮ ಸಂಘ’ದ್ದು. ಅದು ದುಡಿಯುವ ಮಕ್ಕಳೇ ಕಟ್ಟಿಕೊಂಡ ಸಂಘ. ಗೋಡೆಪತ್ರಿಕೆ, ಹಾಡು, ನಾಟಕ ಎಲ್ಲವೂ ಅವರಿಗೆ ಬೇಡಿಕೆ ಮಂಡಿಸುವ ದಾರಿಗಳಾದವು. ಕುಂದಾಪುರ ತಾಲ್ಲೂಕಿನಲ್ಲಿ ಮಕ್ಕಳ ಪಂಚಾಯಿತಿಗಳು ಬಂದಾಗ, ಮಳೆಗಾಲದಲ್ಲಿ ಹಳ್ಳ ದಾಟಿ ಶಾಲೆಗೆ ಹೋಗಲು ಕಾಲುಸಂಕ ಬೇಕು ಎಂಬಂಥ ಮಾತನ್ನು ಮಕ್ಕಳು ದೊಡ್ಡವರ ಮುಂದೆ ನಿಂತು ಕೇಳಿದರು. ಬಾಲದುಡಿಮೆಯನ್ನು ಬರೀ ನಿಷೇಧಿಸಿದರೆ ಸಾಲದು ಎಂಬ ಭೀಮ ಸಂಘದವರ ವಾದವನ್ನು ಎಲ್ಲರೂ ಒಪ್ಪಲಿಲ್ಲ, ನನಗೂ ಅದರಲ್ಲಿ ತಕರಾರಿದೆ. ಆದರೂ ಅಲ್ಲಿ ಕನಿಕರ ಬೇಡುವ ಮಗು ಇರಲಿಲ್ಲ, ವಾದ ಮಾಡುವ ಮಗು ಇತ್ತು.

‘ಮಾಲ್ಗುಡಿ ಡೇಸ್’ ಧಾರಾವಾಹಿಯ ಕಲಾ ನಿರ್ದೇಶಕರಾಗಿದ್ದ ಶಿಲ್ಪಿ ಜಾನ್ ದೇವರಾಜ್ ‘ಬಾರ್ನ್ ಫ್ರೀ ಆರ್ಟ್ ಸ್ಕೂಲ್’ ಮೂಲಕ ಹಿಡಿದದ್ದು ಬೇರೆ ದಾರಿ: ದುಡಿಮೆಯಿಂದ ಬಿಡಿಸಿಕೊಂಡ ಮಕ್ಕಳಿಗೆ ಕುಣಿತ, ಶಿಲ್ಪ, ರಂಗಭೂಮಿಯನ್ನು ಕಲಿಕೆಯಾಗಿಯೇ ಕೊಡುವುದು. ಇಲ್ಲಿ ಮಗು ತನ್ನ ಕಷ್ಟದ ಸಾಕ್ಷಿಯಷ್ಟೇ ಆಗಿ ಉಳಿಯದೆ ಕಲಾವಿದನೂ ಆಗುತ್ತದೆ.

ಈ ವ್ಯತ್ಯಾಸ ಸಣ್ಣದಲ್ಲ. ಬಾಲನ್ಯಾಯ ಕಾಯ್ದೆ 2015ರ 74ನೇ ಕಲಮು, ಪಾಲನೆ ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಚಿತ್ರವನ್ನು ಮಾಧ್ಯಮಗಳಲ್ಲಿ ಪ್ರಕಟಿಸಬಾರದು ಎನ್ನುತ್ತದೆ. ಹಾಗಿರುವಾಗ ಹುಡುಗನನ್ನು ವೇದಿಕೆಗೆ ಕರೆದು ‘ನಿನ್ನ ಕಥೆ ಹೇಳಪ್ಪಾ’ ಎಂದು ಮೈಕು ಕೊಡುವುದು, ಅದನ್ನು ಮೊಬೈಲಿನಲ್ಲಿ ಹಿಡಿದು ಹಂಚುವುದು ಯಾವ ಜಾಗೃತಿ? ಊರೂರಲ್ಲಿ ತನ್ನ ಗಾಯ ತೋರಿಸಿ ಅಳುವುದೂ ಒಂದು ದುಡಿಮೆಯೇ, ಕೂಲಿ ಇಲ್ಲದ ದುಡಿಮೆ. ಕಥೆ ಕಟ್ಟುವುದು, ಬೇರೆಯವನ ಪಾತ್ರ ಹಾಕುವುದು ನಾಟಕಕ್ಕೆ ಹುಟ್ಟಿನಿಂದ ಬಂದ ವಿದ್ಯೆ. ಮಗುವಿಗೆ ಅಡಗಿ ನಿಂತು ಮಾತಾಡಲು ಒಂದು ಮುಖವಾಡ ಕೊಡಲಾರದಿದ್ದರೆ ರಂಗಭೂಮಿಯ ಹೆಸರು ಯಾಕೆ ಬೇಕು, ಭಾಷಣವೇ ಸಾಕು.

ಬ್ರೆಜಿಲ್‌ನ ರಂಗಕರ್ಮಿ ಅಗಸ್ಟೊ ಬೋಲ್ ಪ್ರೇಕ್ಷಕರನ್ನೇ ಆಟದೊಳಗೆ ಎಳೆದರು. ಅನ್ಯಾಯದ ದೃಶ್ಯವನ್ನು ಮತ್ತೆ ಆಡುತ್ತಾರೆ. ನೋಡುತ್ತಿದ್ದವರು ಅದನ್ನು ಅರ್ಧಕ್ಕೆ ನಿಲ್ಲಿಸಿ, ತಾವೇ ಪಾತ್ರಕ್ಕಿಳಿದು ಇನ್ನೊಂದು ದಾರಿ ಹುಡುಕುತ್ತಾರೆ. ನಮ್ಮಲ್ಲಿ ಇದು ತರಬೇತಿ ಶಿಬಿರಗಳ ಆಟವಾಗಿ ಉಳಿಯಿತೇ ಹೊರತು ರಸ್ತೆಗೆ ಇಳಿದದ್ದು ಕಡಿಮೆ. ಇಳಿಯಲು ಅಡ್ಡಿಯೇನೂ ಇಲ್ಲ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಎಂಬ ಏರ್ಪಾಡಿದೆ. ಪಾಲಿಕೆಯ ವಾರ್ಡಾದ ಕೊಡಿಗೇಹಳ್ಳಿಯ ಮಗುವಿಗೆ ಅಂಥ ಸಭೆ ಎಲ್ಲಿದೆ? ಬೀದಿ ನಾಟಕ ಆ ಸಭೆಯಾಗಬಹುದು.

ಹಾಗಾಗಿ ಕೊಡಿಗೇಹಳ್ಳಿಯಲ್ಲಿ ಮುಂದೆ ನಾಟಕ ಆಡುವ ತಂಡಗಳಲ್ಲಿ ಒಂದು ಮನವಿ. ಸಂಜೆ ವಾಕಿಂಗಿಗೆ ಬಂದವರು ಹೇಗೂ ನಿಂತು ನೋಡುತ್ತಾರೆ. ನೀವು ಗುಜರಿ ಅಂಗಡಿಯವರನ್ನು, ಕಟ್ಟಡದ ಮೇಸ್ತ್ರಿಯನ್ನು, ಠಾಣೆಯವರನ್ನು, ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕರನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿ. ಶೆಡ್ಡು ಕಿತ್ತ ಮೇಲೆ ಈ ಹುಡುಗಿಯ ಶಾಲೆ ಎಲ್ಲಿ ಎಂಬ ದೃಶ್ಯಕ್ಕೆ ನಾಟಕ ನಿಲ್ಲಿಸಿ, ಉತ್ತರವನ್ನು ಅವರ ಬಾಯಿಂದಲೇ ಕೇಳಿ.