ಗಾಡಿ ತನ್ನ ಹಳೆಯ ಬೆಲೆ ಮರೆಯುವುದಿಲ್ಲ

ಹೊಸದರಲ್ಲಿ 70 ಲಕ್ಷ ದಾಟಿದ್ದ ಜರ್ಮನ್ ಎಸ್‌ಯುವಿ ಹತ್ತು ವರ್ಷ ಕಳೆದ ಮೇಲೆ ಹೊಸ ಕ್ರೆಟಾದ ಬೆಲೆಗೆ ಸಿಗುವುದುಂಟು. ಆಸೆಪಡುವುದರಲ್ಲಿ ತಪ್ಪಿಲ್ಲ. 120ರ ವೇಗದಲ್ಲೂ ಪಿಸುಮಾತು ಕೇಳಿಸುವ ಆ ನಿಶ್ಶಬ್ದ ಕ್ರೆಟಾದಲ್ಲಿ ಸಿಗುವುದಿಲ್ಲ. ಆದರೆ ಇಳಿದಿರುವುದು ಗಾಡಿಯ ಬೆಲೆ ಮಾತ್ರ. ಅದರ ಬ್ರೇಕು, ಟೈರು, ಗೇರ್‌ಬಾಕ್ಸುಗಳಿಗೆ ಇಂದಿಗೂ 70 ಲಕ್ಷದ ಗತ್ತು.

ಆರ್‌ಟಿಒದಲ್ಲೂ ಅಷ್ಟೇ. ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳ ಓಡಾಟಕ್ಕೆ ದೆಹಲಿಯಲ್ಲಿ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆ ಹಾಕಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಅಲ್ಲಿಂದಾಚೆಗೆ ಡಿಎಲ್ ನಂಬರಿನ ದೊಡ್ಡ ಗಾಡಿಗಳು ಅಗ್ಗವಾಗಿ ದಕ್ಷಿಣಕ್ಕೆ ಇಳಿಯತೊಡಗಿದವು. ಎನ್‌ಒಸಿ ತಂದು ಕೆಎ ನಂಬರು ಮಾಡಿಸಲು ಹೋದಾಗಲೇ ಲೆಕ್ಕ ತಿಳಿಯುವುದು. 20 ಲಕ್ಷ ಮೀರಿದ ಕಾರಿಗೆ ನಮ್ಮಲ್ಲಿ ಜೀವಾವಧಿ ತೆರಿಗೆ ಶೇ 18, ಜೊತೆಗೆ ಸೆಸ್. ವಯಸ್ಸಿಗೆ ತಕ್ಕ ರಿಯಾಯಿತಿ ಇದೆ, ಆದರೆ ಲೆಕ್ಕ ಹಿಡಿಯುವುದು ನೀವು ಕೊಟ್ಟ ಬೆಲೆಯ ಮೇಲಲ್ಲ, ಹೊಸದಾಗಿದ್ದಾಗಿನ ಬೆಲೆಯ ಮೇಲೆ.

ಗಾಡಿ ನೋಡಲು ಬೆಳಿಗ್ಗೆಯೇ ಹೋಗಿ, ಎಂಜಿನ್ ಮುಟ್ಟದೆ ಇಡಲು ಮೊದಲೇ ಹೇಳಿ. ಏರ್ ಸಸ್ಪೆನ್ಷನ್ನಿನ ರಬ್ಬರ್ ಚೀಲ ವಯಸ್ಸಾದಂತೆ ಬಿರುಕು ಬಿಡುತ್ತದೆ. ರಾತ್ರಿಯಿಡೀ ಗಾಳಿ ಸೋರಿದ್ದರೆ ಒಂದು ಮೂಲೆ ಕುಸಿದು ಕೂತಿರುತ್ತದೆ. ಸೋರಿದ್ದನ್ನು ತುಂಬಿ ತುಂಬಿ ಕಂಪ್ರೆಸರೂ ಸೋಲುತ್ತದೆ. ಸ್ಟಾರ್ಟ್ ಮಾಡಿದೊಡನೆ ಕಿವಿಗೊಡಿ. ಬಿಎಂಡಬ್ಲ್ಯುವಿನ ಎನ್57 ಡೀಸೆಲ್ ಎಂಜಿನ್ನಿನಲ್ಲಿ ಟೈಮಿಂಗ್ ಚೈನು ಹಿಂಬದಿಗೆ, ಗೇರ್‌ಬಾಕ್ಸಿನ ಕಡೆಗಿದೆ. ತಣ್ಣನೆಯ ಎಂಜಿನ್ನಿನಲ್ಲಿ ಚೈನಿನ ಗರಗರ ಕೇಳಿಸಿತೋ, ಅದನ್ನು ಬದಲಿಸುವುದು ಒಂದು ಮಧ್ಯಾಹ್ನದ ಕೆಲಸವಲ್ಲ. ನೀವು ಹೋಗುವಷ್ಟರಲ್ಲಿ ಬಾನೆಟ್ ಬಿಸಿಯಾಗಿದ್ದರೆ ಇನ್ನೊಂದು ದಿನ ಹೋಗಿ.

ಆಮೇಲೆ ಕಾಗದ. ಎಕ್ಸ್5, ರೇಂಜ್ ರೋವರ್‌ಗಳಲ್ಲಿ ಬರುವ ಎಂಟು ಗೇರಿನ ಝೆಡ್‌ಎಫ್ ಆಟೊಮ್ಯಾಟಿಕ್‌ಗೆ ಜೀವಮಾನಕ್ಕೆ ಒಂದೇ ಆಯಿಲ್ ಸಾಕೆಂಬ ಮಾತಿದೆ. ಗೇರ್‌ಬಾಕ್ಸ್ ಮಾಡಿದ ಝೆಡ್‌ಎಫ್ ಮಾತ್ರ 80,000ದಿಂದ 1,20,000 ಕಿ.ಮೀ. ಒಳಗೆ ಬದಲಿಸಿ ಎನ್ನುತ್ತದೆ. ಹಿಂದಿನ ಮಾಲೀಕ ಯಾರ ಮಾತು ಕೇಳಿದ್ದ ಎಂಬುದು ಸರ್ವಿಸ್ ಬಿಲ್ಲಿನಲ್ಲಿರುತ್ತದೆ. ಮೀಟರು ತಿದ್ದುವವರಿದ್ದಾರೆ, ಹತ್ತು ವರ್ಷದ ಬಿಲ್ಲುಗಳನ್ನೆಲ್ಲ ತಿದ್ದುವುದು ಅಷ್ಟು ಸುಲಭವಲ್ಲ.

ಬೆಂಗಳೂರಿನ ಗಾಡಿಗೆ ಇನ್ನೊಂದು ಪರೀಕ್ಷೆ ಉಂಟು. 2022ರ ಸೆಪ್ಟೆಂಬರಿನಲ್ಲಿ ಯಮಲೂರಿನ ವಿಲ್ಲಾಗಳಲ್ಲಿ ಐಷಾರಾಮಿ ಕಾರುಗಳು ನೀರಿನಲ್ಲಿ ನಿಂತಿದ್ದನ್ನು ಎಲ್ಲರೂ ಟೀವಿಯಲ್ಲಿ ನೋಡಿದ್ದೇವೆ. ಇಂಥ ಗಾಡಿಗಳಲ್ಲಿ ಬ್ಯಾಟರಿ, ಎಲೆಕ್ಟ್ರಾನಿಕ್ ಮಾಡ್ಯೂಲುಗಳು ಎಷ್ಟೋ ಸಲ ಸೀಟಿನಡಿ, ಡಿಕ್ಕಿಯ ತಳದಲ್ಲಿರುತ್ತವೆ. ಸೀಟ್ ಬೆಲ್ಟನ್ನು ಕೊನೆತನಕ ಎಳೆದು ನೋಡಿ, ಕಾರ್ಪೆಟ್ ಎತ್ತಿ ನೋಡಿ. ಲೆದರ್ ತೊಳೆದವರು ಅಲ್ಲಿನ ಕೆಸರನ್ನು ಮರೆತಿರುತ್ತಾರೆ.

ನನ್ನ ರುಚಿ ಕೇಳಿದರೆ, ಫೀಚರು ಹೆಚ್ಚಿರುವ ಹಳೆಯ ಗಾಡಿ ಬೇಡ. ಮಾಮೂಲಿ ಕಾಯಿಲ್ ಸ್ಪ್ರಿಂಗಿನ, ಒಬ್ಬನೇ ಮಾಲೀಕ ಓಡಿಸಿದ ಎಕ್ಸ್3 ಸಿಕ್ಕರೆ ಏರ್ ಸಸ್ಪೆನ್ಷನ್ನಿನ ಕ್ಯೂ7 ಕಡೆ ನಾನು ತಿರುಗಿಯೂ ನೋಡುವುದಿಲ್ಲ. ಕೊಳ್ಳುವ ಬೆಲೆಯ ಐದನೇ ಒಂದು ಪಾಲನ್ನು ಮೊದಲ ವರ್ಷದ ರಿಪೇರಿಗೆಂದೇ ಬ್ಯಾಂಕಿನಲ್ಲಿಡಿ. ಅಷ್ಟು ಉಳಿಸಲಾಗದಿದ್ದರೆ ಚೌಕಾಸಿಯೇ ಬೇಡ, ಅದು ನಿಮ್ಮ ಜೇಬಿನ ಗಾಡಿಯಲ್ಲ.