ಕತ್ತರಿ ಯಾರ ಕೈಲಿದೆ?

ಸಾಕ್ಷ್ಯಚಿತ್ರ ನೋಡಿ ಬಂದವರು ಕ್ಯಾಮೆರಾ ಬಗ್ಗೆ ಮಾತಾಡ್ತಾರೆ, ನಿರ್ದೇಶಕರ ಬಗ್ಗೆ ಬರೀತಾರೆ. ಕತ್ತರಿ ಹಾಕಿದ ಕೋಣೆಯ ಬಗ್ಗೆ ಯಾರೂ ಕೇಳೋದಿಲ್ಲ. ಆ ಕೋಣೆಯಲ್ಲಿ ಸಹಾಯಕ ಸಂಕಲನಕಾರನಾಗಿ ಕೂತವನು ನಾನು. ಶಿಡ್ಲಘಟ್ಟದ ರೇಷ್ಮೆ ನೂಲು ತೆಗೆಯುವವರ ಮೇಲಿನ ಚಿತ್ರ ಅದು. ಯಾರ ಚಿತ್ರ ಅನ್ನೋದು ಮುಖ್ಯವಲ್ಲ. ಅಲ್ಲಿ ನಡೆದದ್ದು ಎಲ್ಲ ಕಡೆ ನಡೆಯುವಂಥದ್ದೇ.

ಸಹಾಯಕನ ಕೆಲಸ ಏನು? ಚಿತ್ರಕ್ಕೂ ಧ್ವನಿಗೂ ಹೊಂದಿಸೋದು, ಪ್ರತಿ ಶಾಟಿಗೂ ನಂಬರು ಹಾಕಿಡೋದು, ಆಡಿದ ಮಾತೆಲ್ಲ ಬರೆದು ಕೊಡೋದು. ಉಳಿಸಿಕೊಂಡದ್ದು ನೋಡುಗರಿಗೆ ಗೊತ್ತು; ಬಿಸಾಡಿದ್ದು ಗೊತ್ತಿರೋದು ಇವನಿಗೆ. ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರು ಕಡೆ ಕನ್ನಡ, ತೆಲುಗು, ಉರ್ದು ಒಂದೇ ಉಸಿರಲ್ಲಿ ಬರ್ತವೆ. ನಾನೂ ಅದೇ ಸೀಮೆಯವ. ಬೆಂಗಳೂರಿನ ನಿರ್ದೇಶಕರಿಗೆ ನಾನು ಬರೆದು ಕೊಟ್ಟದ್ದೇ ಕಿವಿ.

ಕುದಿಯುವ ನೀರಲ್ಲಿ ಗೂಡು ಬೇಯಿಸಿ ಎಳೆ ಹಿಡಿಯುವ ಹೆಂಗಸೊಬ್ಬಳನ್ನು ಕೂಲಿ ಎಷ್ಟು ಅಂತ ಕೇಳಿದರು. ಅವಳು ಹಿಂದೆ ನಿಂತಿದ್ದ ಮಾಲೀಕನ ಕಡೆ ನೋಡಿದಳು. ಸುಮ್ಮನಾದಳು. ಆಮೇಲೆ, "ಏಮಯ್ಯಾ, ದೀಂತೋ ಮಾಕೇಮೊಸ್ತುಂದಿ?" ಅಂದಳು. ಇದರಿಂದ ನಮಗೇನು ಬರ್ತದೆ, ಅಂತ. "ಉತ್ತರ ಸಿಗಲಿಲ್ಲ, ತೆಗೀರಿ" ಅಂದರು ನಿರ್ದೇಶಕರು. ತೆಗೆದೆ. ಉಳಿದದ್ದು ನೀರಲ್ಲಿ ಬೆಂದು ಬಿಳಿಚಿದ ಬೆರಳುಗಳ ಕ್ಲೋಸಪ್ಪು, ಅದಕ್ಕೊಂದು ವೀಣೆ, ಮೇಲೆ ಓದುಗಾರನ ಚೊಕ್ಕ ಕನ್ನಡ. ಮಾಲೀಕನ ಹೆಸರು ಪರದೆ ಮೇಲೆ ಬಂತು, ಅವಳದು ಬರಲಿಲ್ಲ. ಅವಳು ಬೇಡ ಅಂದದ್ದಲ್ಲ, ಯಾರೂ ಕೇಳಲೇ ಇಲ್ಲ.

ಇದು ಬರೀ ಕಸುಬಿನ ಸಂಗತಿ ಅನ್ನುವವರಿಗೆ ಒಂದು ಮಾತು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದರು. 2006ರಲ್ಲಿ ಆರೋಪಿಗಳು ಖುಲಾಸೆಯಾದರು. 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಬಾಯಿಬಿಟ್ಟು ಹೇಳದ್ದನ್ನು ಕೋರ್ಟು ಬರೆದುಕೊಳ್ಳೋದಿಲ್ಲ. ಸಿನಿಮಾಕ್ಕೆ ಆ ಕಟ್ಟಿಲ್ಲ. ಹೆದರಿದ ಕಣ್ಣು ಯಾರ ಕಡೆ ತಿರುಗಿತು ಅಂತ ಅದು ತೋರಿಸಬಲ್ಲದು. ತೋರಿಸೋ ಶಕ್ತಿ ಇದ್ದೂ ಮೌನವನ್ನು ಕಸ ಅಂತ ಗುಡಿಸಿದರೆ ನಾವು ಕೋರ್ಟಿಗಿಂತ ಕಡೆ.

ಬೇರೆ ದಾರಿ ಇಲ್ಲವೆ? 1997ರಲ್ಲಿ ಮುಂಬಯಿಯ ರಮಾಬಾಯಿ ನಗರದಲ್ಲಿ ಪೊಲೀಸರ ಗುಂಡಿಗೆ ಹತ್ತು ದಲಿತರು ಸತ್ತರು. ಆನಂದ್ ಪಟವರ್ಧನ್ 14 ವರ್ಷ ಅದರ ಬೆನ್ನು ಹತ್ತಿದರು. 'ಜೈ ಭೀಮ್ ಕಾಮ್ರೇಡ್' ಬಂದದ್ದು 2011ರಲ್ಲಿ. ಸುಮಾರು ಮೂರು ಗಂಟೆಯ ಆ ಚಿತ್ರದಲ್ಲಿ ಕೇರಿಯ ಹಾಡು ಹಿನ್ನೆಲೆ ಸಂಗೀತ ಅಲ್ಲ, ಅದೇ ವಾದ. ಪಟವರ್ಧನರೂ ಕೇರಿಯಲ್ಲಿ ಹುಟ್ಟಿದವರಲ್ಲ. ಆದರೆ ಹಾಡುವವರಿಗೆ ಹೊತ್ತು ಕೊಟ್ಟರು.

ಗೆಳೆಯರೆ, ನಿಮ್ಮೂರ ಶಾಲೆಯಲ್ಲೋ ಸಂಘದಲ್ಲೋ ಸಾಕ್ಷ್ಯಚಿತ್ರ ತೋರಿಸಿದರೆ ಸುಮ್ಮನೆ ಚಪ್ಪಾಳೆ ತಟ್ಟಬೇಡಿ. ಕೇಳಿ: ಯಾರ ಹೆಸರು ಹಾಕಿದ್ದೀರಿ? ಯಾರ ಮಾತನ್ನು ಬೇರೆಯವರ ಬಾಯಲ್ಲಿ ಹೇಳಿಸಿದ್ದೀರಿ? ಮುಗಿಸೋ ಮುಂಚೆ ಇದರೊಳಗಿನ ಜನಕ್ಕೆ ತೋರಿಸಿದಿರಾ?

ಆ ಹೆಂಗಸಿನ ಪ್ರಶ್ನೆಗೆ ನನ್ನಲ್ಲಿ ಇವತ್ತಿಗೂ ಉತ್ತರ ಇಲ್ಲ. ಉತ್ತರ ಇಲ್ಲದಿದ್ದರೂ ಪ್ರಶ್ನೆ ಚಿತ್ರದಲ್ಲಿ ಇರಬೇಕಾಗಿತ್ತು. ಅದನ್ನು ಕತ್ತರಿಸಿದ ಕೈ ನನ್ನದು.